ಹೊಸ ಸೇತುವೆಗೂ ಮೊದಲು ಹಳೇ ಮೋರಿ

ಮಲೆನಾಡಿನ ಒಂದು ತಾಲ್ಲೂಕಿಗೆ ರಸ್ತೆ ಎಂಜಿನಿಯರ್ ಆಗಿ ಹೋದ ಮೊದಲ ವರ್ಷ ನನ್ನ ಮೇಜಿನ ಮೇಲಿದ್ದದ್ದೆಲ್ಲ ಹೊಸ ಕಾಮಗಾರಿಗಳ ಬೇಡಿಕೆ. ದುರಸ್ತಿ ಕೇಳಿ ಬಂದ ಅರ್ಜಿ ಎರಡೋ ಮೂರೋ. ಹೊಸದಕ್ಕಾದರೆ ಶಂಕುಸ್ಥಾಪನೆಯ ಕಲ್ಲು ನೆಡಬಹುದು, ರಸ್ತೆಯಡಿ ನೀರು ದಾಟಿಸುವ ಮೋರಿಯ ಹೂಳು ತೆಗೆದದ್ದಕ್ಕೆ ಟೇಪು ಕತ್ತರಿಸುವವರು ಯಾರು? ಸರ್ಕಾರದ ಹಣ ಬರುವ ಲೆಕ್ಕಶೀರ್ಷಿಕೆಯ ಸಂಖ್ಯೆಯೂ ಬೇರೆ: ಹೊಸದಕ್ಕೆ 5054, ನಿರ್ವಹಣೆಗೆ 3054. ಎರಡನೆಯದು ಸದಾ ಬಡವ.

ಮೇ ತಿಂಗಳಲ್ಲಿ ರಸ್ತೆ ನೋಡಿಕೊಳ್ಳುವ ಹಿರಿಯ ಕೆಲಸಗಾರ, ಗ್ಯಾಂಗ್‌ಮನ್ ಒಬ್ಬರನ್ನು ಕರೆದುಕೊಂಡು ಒಂದೊಂದೇ ಮೋರಿ, ಸೇತುವೆ ನೋಡುತ್ತಾ ನಡೆದೆ. ಜೀಪಿನಲ್ಲಿ ಕೂತರೆ ಡಾಂಬರು ಮಾತ್ರ ಕಾಣುತ್ತದೆ. ಒಂದು ಹಳೇ ಸೇತುವೆಯ ನೀರು ಬಸಿಯುವ ಕೊಳವೆಗಳಲ್ಲಿ ಮಣ್ಣು ತುಂಬಿ ಹುಲ್ಲು ಬೆಳೆದಿತ್ತು. ಮೇಲೆ ನಿಂತ ನೀರು ಜಾಯಿಂಟಿನ ಸಂದಿಯಲ್ಲಿ ಇಳಿದಿಳಿದು, ಸೇತುವೆಯ ಭಾರ ಕಂಬಕ್ಕೆ ದಾಟಿಸುವ ಬೇರಿಂಗಿಗೆ ತುಕ್ಕು ಹಿಡಿದಿತ್ತು. ಸೇತುವೆ ತುದಿಯಲ್ಲಿ ದಡದ ಮಣ್ಣು ತಡೆಯುವ ರೆಕ್ಕೆಗೋಡೆಯ ಬಿರುಕಿನಲ್ಲಿ ಅರಳಿ ಗಿಡ. “ಎರಡು ಸಲ ಕಿತ್ತಿದೀನಿ ಸಾರ್, ಬೇರು ಒಳಗೇ ಉಳೀತದೆ,” ಅಂದರು.

ಯಾವ ಕೆಲಸ ಮೊದಲು ಎಂದು ಪಟ್ಟಿ ಮಾಡುವಾಗ ಗುಂಡಿ ಎಣಿಸಲಿಲ್ಲ. ನೀರು ಎಲ್ಲಿ ನಿಲ್ಲುತ್ತದೆ, ಇದು ಕುಸಿದರೆ ಬಸ್ಸು ಎಷ್ಟು ಸುತ್ತಿ ಬರಬೇಕು, ಇಷ್ಟೇ ಕೇಳಿಕೊಂಡೆ. ಬೇರೆ ದಾರಿಯೇ ಇಲ್ಲದ ಮೋರಿಗಳು ಮೇಲಕ್ಕೆ ಬಂದವು, ಪೇಟೆ ರಸ್ತೆ ಕೆಳಗೆ ಹೋಯಿತು. ಬೈಗುಳ ಬೇಕಾದಷ್ಟು ತಿಂದೆ. ಮಳೆಗೆ ಮುಂಚೆ ಚರಂಡಿ ಬಿಡಿಸಿ, ರಸ್ತೆಯಂಚಿನಲ್ಲಿ ಏರಿ ಕೂತಿದ್ದ ಮಣ್ಣು ಕೆರೆಸಿದ್ದೇ ಆ ವರ್ಷದ ದೊಡ್ಡ ಕೆಲಸ. ನೀರು ಪಕ್ಕಕ್ಕೆ ಹರಿಯದಿದ್ದರೆ ಎಷ್ಟು ದಪ್ಪ ಡಾಂಬರು ಹಾಕಿದರೂ ಜುಲೈಗೆ ಎದ್ದು ಬರುತ್ತದೆ.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕಿದ. ನಾನಾಗಲೇ ನಿವೃತ್ತನಾಗಿದ್ದೆ. ಪಕ್ಕದಲ್ಲೇ ಹೊಸ ಸೇತುವೆ ಇತ್ತು, ಆದರೂ ಹಳೆಯದರ ಮೇಲೆ ಒಂದು ದಿಕ್ಕಿನ ಗಾಡಿಗಳು ಓಡುತ್ತಲೇ ಇದ್ದವು. ಸುದ್ದಿ ಓದುವಾಗ ನನಗೆ ಆ ಅರಳಿ ಗಿಡ ನೆನಪಾಯಿತು.

ಹಾಗಂತ ನನ್ನ ಪಟ್ಟಿಯೇನೂ ಸರಿಯಿರಲಿಲ್ಲ. ಹಳ್ಳದಾಚೆಯ ಕೆಲವು ಮನೆಗಳಿಗೆ ಅಡಿಕೆ ಮರದ ಕಾಲುಸಂಕ ಬಿಟ್ಟರೆ ಗತಿಯಿರಲಿಲ್ಲ. ಆ ಮನೆಯವರು ಸೇತುವೆ ಕೇಳಿಕೊಂಡು ಬಂದರು. ‘ಕುಸಿದರೆ ಎಷ್ಟು ಸುತ್ತು’ ಎಂದು ಅಳೆಯುತ್ತಿದ್ದವನಿಗೆ, ಕುಸಿಯಲಿಕ್ಕೇ ಏನೂ ಇಲ್ಲದವರನ್ನು ಎಲ್ಲಿ ಬರೆಯಬೇಕೆಂದು ತಿಳಿಯದೆ ಕೊನೆಗೆ ಹಾಕಿದೆ. ಎರಡು ಮಳೆಗಾಲ ಅಲ್ಲಿನ ಮಕ್ಕಳು ಹಳ್ಳದ ನೀರು ಇಳಿಯುವ ತನಕ ಶಾಲೆಗೆ ಬರಲಿಲ್ಲವೆಂದು ಮೇಷ್ಟ್ರು ಹೇಳಿದ ಮೇಲೆ, ಮೂರನೇ ವರ್ಷ ಪೇಟೆಯ ಅಗಲೀಕರಣದ ಪ್ರಸ್ತಾವನೆ ಬದಿಗಿಟ್ಟು ಮೊದಲ ಸಾಲಿಗೆ ಅವರ ಸೇತುವೆಯನ್ನೇ ಬರೆದೆ.