ದವಡೆ ಕೀಲಿನ ನೋವು ಹತೋಟಿಗೆ ಬಂದ ಬಗೆ

ಕಿವಿಯ ಮುಂಭಾಗದಲ್ಲಿ ನೋವು, ಆಕಳಿಸಿದರೆ ‘ಟಕ್’ ಎಂಬ ಸದ್ದು, ಬೆಳಿಗ್ಗೆ ಏಳುವಾಗ ಕೆನ್ನೆಯೆಲ್ಲ ಬಿಗಿ. ಕಿವಿ ಸರಿಯಾಗಿದೆ ಎಂದು ಖಚಿತವಾದ ಮೇಲೆ ದಂತವೈದ್ಯರು ದವಡೆಯ ಕೀಲನ್ನು ಪರೀಕ್ಷಿಸಿದರು. ಅಲ್ಲಿ ಎರಡು ಮೂಳೆಗಳ ನಡುವೆ ತೆಳುವಾದ ಬಿಲ್ಲೆಯೊಂದಿದೆ. ಮುಂದಕ್ಕೆ ಜಾರಿದ ಆ ಬಿಲ್ಲೆ ಬಾಯಿ ತೆರೆದಾಗ ಮತ್ತೆ ಸ್ವಸ್ಥಾನಕ್ಕೆ ಬಂದರೆ ಸದ್ದಾಗುತ್ತದೆ. ನೋವಿಲ್ಲದ ಬರೀ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಡವಂತೆ. ಇದನ್ನು ಕೇಳಿಯೇ ಅರ್ಧ ಆತಂಕ ಇಳಿಯಿತು.

ನನ್ನ ನೋವಿನ ಮೂಲ ಅಗಿಯುವ ಸ್ನಾಯುಗಳಲ್ಲಿತ್ತು: ನಿದ್ದೆಯಲ್ಲಿ ಹಲ್ಲು ಕಡಿಯುವುದು, ಕೆಲಸದಲ್ಲಿ ಮುಳುಗಿದಾಗ ಹಲ್ಲು ಬಿಗಿಹಿಡಿಯುವುದು. ಅಗಿಯುವಾಗ, ನುಂಗುವಾಗ ಬಿಟ್ಟರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳು ತಾಗಿರಬೇಕಾಗಿಲ್ಲ. ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ತುಸು ಜಾಗವಿರಲಿ, ನಾಲಿಗೆಯ ತುದಿ ಮೇಲಿನ ಮುಂಬಲ್ಲುಗಳ ಹಿಂದೆ ಅಂಗುಳಕ್ಕೆ ಹಗುರವಾಗಿ ತಾಗಿರಲಿ. ನನಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ. ನೆನಪಿಗಾಗಿ ಗಂಟೆಗೊಮ್ಮೆ ಮೊಬೈಲ್ ಅಲಾರಂ ಇಟ್ಟುಕೊಂಡೆ, ಅದು ಬಡಿದಾಗಲೆಲ್ಲ ಹಲ್ಲು ಕಚ್ಚಿಕೊಂಡೇ ಇರುತ್ತಿತ್ತು!

ಜೊತೆಗೆ ಮೆತ್ತಗಿನ ಆಹಾರ, ಕೆನ್ನೆಗೆ 15–20 ನಿಮಿಷ ಒದ್ದೆ ಬಟ್ಟೆಯ ಬಿಸಿ ಶಾಖ, ಆಕಳಿಸುವಾಗ ಗದ್ದಕ್ಕೆ ಕೈಯಾಸರೆ. ಚ್ಯೂಯಿಂಗ್ ಗಮ್ ಪೂರ್ತಿ ಬಂದ್. ರಾತ್ರಿ ಹಲ್ಲುಗಳ ಮೇಲೆ ಧರಿಸಲು ಅಳತೆಗೆ ತಕ್ಕ ಗಾರ್ಡ್ (ರಕ್ಷಾಕವಚ) ಮಾಡಿಸಿಕೊಟ್ಟರು. ಅದು ಹಲ್ಲುಗಳ ಸವೆತ ತಡೆಯುತ್ತದೆ, ಕಡಿಯುವ ಅಭ್ಯಾಸವನ್ನು ಮಾತ್ರ ಬಿಡಿಸಲಾರದು.

ಮೇಲಿನ-ಕೆಳಗಿನ ಹಲ್ಲುಗಳು ಕೂಡುವ ರೀತಿ ಸರಿಪಡಿಸಲು ಹಲ್ಲುಗಳನ್ನು ಅರೆಸಿ ಸವೆಸುವುದು, ಶಸ್ತ್ರಚಿಕಿತ್ಸೆ ಇವೆಲ್ಲ ಹಿಂದಿರುಗಲಾಗದ ದಾರಿಗಳು. ಇವಕ್ಕೆ ಒಪ್ಪುವ ಮೊದಲು ಸರಳ ಉಪಾಯಗಳಿಗೆ ಕೆಲವು ವಾರ ಕೊಡಿ, ಎರಡನೇ ವೈದ್ಯರ ಅಭಿಪ್ರಾಯವನ್ನೂ ಕೇಳಿ. ಆದರೆ ಬಾಯಿ ತೆರೆಯಲು ಅಥವಾ ಮುಚ್ಚಲು ಆಗದೆ ಸಿಕ್ಕಿಕೊಂಡರೆ, ಊತ ಅಥವಾ ಜ್ವರ ಬಂದರೆ ಕಾಯದೆ ವೈದ್ಯರ ಬಳಿ ಹೋಗಿ.