ಮೀಟಿಂಗ್ ಇಡುವ ಮೊದ್ಲು ಕೇಳಿ: ಯಾರು ಎಂತದ್ರಲ್ಲಿ ಸೇರ್ತಾರೆ?

ನಮ್ಮ ಹಳೆ ವಿದ್ಯಾರ್ಥಿ ಸಂಘದ ಆನ್‌ಲೈನ್ ಮೀಟಿಂಗ್ ಇಡುವ ಕೆಲ್ಸ ನಾಲ್ಕು ವರ್ಷದಿಂದ ನನ್ನ ತಲೆಗೇ ಬಿದ್ದಿದೆ. ಬದಿಯಡ್ಕ, ಪೆರ್ಲ, ಕುಂಬ್ಳೆಯವ್ರು ಸ್ವಲ್ಪ, ಮಂಗ್ಳೂರು ಬೆಂಗ್ಳೂರಲ್ಲಿ ಸ್ವಲ್ಪ, ಉಳಿದವ್ರೆಲ್ಲ ಗಲ್ಫಲ್ಲಿ. ಮೊದ್ಲು ಗ್ರೂಪಿಗೆ ಒಂದು ಲಿಂಕ್ ಹಾಕಿ ಸುಮ್ನೆ ಕೂತ್ಕೊಳ್ತಿದ್ದೆ, ಆಮೇಲೆ ಅರ್ಧ ಗಂಟೆ "ಕೇಳ್ತದಾ? ಕೇಳುದಿಲ್ಲ ಮಾರಾಯ್ರೆ" ಅದ್ರಲ್ಲೇ ಹೋಗ್ತಿತ್ತು. ಝೂಮಿನ ಫ್ರೀ ಅಕೌಂಟಲ್ಲಿ ಸಿಗುದೇ 40 ನಿಮಿಷ, ಅದ್ರಲ್ಲಿ ಇದೂ ಒಂದು.

ಈಗ ದಿನ ಟೈಮು ನೋಡುವ ಮೊದ್ಲೇ ಕೇಳ್ತೇನೆ: ಮೊಬೈಲಾ, ಲ್ಯಾಪ್‌ಟಾಪಾ, ಹಾಲಿನ ದೊಡ್ಡ ಸ್ಕ್ರೀನಾ, ಬರೀ ಫೋನ್ ಕಾಲಾ? ಈ ಸೇರುವ ಸಾಧನಕ್ಕೇ ಎಂಡ್‌ಪಾಯಿಂಟ್ ಅಂತ ಹೇಳುದು.

ಮೊಬೈಲ್, ಲ್ಯಾಪ್‌ಟಾಪಿನವ್ರಿಗೆ ಜಾಸ್ತಿ ಎಂತ ಬೇಡ, ಲಿಂಕ್ ಸಾಕು. ಆಫೀಸ್ ಲ್ಯಾಪ್‌ಟಾಪಲ್ಲಿ ಆ್ಯಪ್ ಹಾಕ್ಲಿಕ್ಕೆ ಬಿಡದಿದ್ರೆ ಬ್ರೌಸರಿಂದ ಸೇರ್ಲಿಕ್ಕೆ ಹೇಳಿ. ದುಬೈಯ ಟೈಮು ನಮಗಿಂತ ಒಂದೂವರೆ ಗಂಟೆ ಹಿಂದೆ, ನಮ್ಮ ರಾತ್ರಿ 8 ಅಂದ್ರೆ ಅಲ್ಲಿ 6:30, ಸುಮಾರು ಜನ ಡ್ಯೂಟಿ ಬಿಟ್ಟು ದಾರಿಯಲ್ಲೇ ಇರ್ತಾರೆ. ಅವ್ರು ಮೊಬೈಲಲ್ಲಿ ಬರೀ ಕೇಳುದು ಅಂತ ಲೆಕ್ಕ ಹಾಕಿ, ಅವ್ರಿಗೆ ಎಕ್ಸೆಲ್ ಶೀಟ್ ತೋರ್ಸಿ ಪ್ರಯೋಜನ ಇಲ್ಲ.

ಫೋನಿನವ್ರನ್ನು ಹೆಚ್ಚಿನವ್ರು ಮರೀತಾರೆ. ನಮ್ಮ ಮಾಷ್ಟ್ರ ಮನೆ ತೋಟದ ಗುಂಡಿಯಲ್ಲಿ, ನೆಟ್ಟಿಗೆ ರೇಂಜೇ ಇಲ್ಲ, ಆದ್ರೆ ಕಾಲ್ ಹೋಗ್ತದೆ. ಹಾಗಾಗಿ ಶೆಡ್ಯೂಲ್ ಮಾಡುವಾಗ ಆಡಿಯೋ ಅಂತ ಇರುವಲ್ಲಿ ಕಂಪ್ಯೂಟರ್ ಮಾತ್ರ ಒತ್ಬೇಡಿ, ಟೆಲಿಫೋನ್, ಕಂಪ್ಯೂಟರ್ ಎರಡೂ ಇರುದನ್ನು ಒತ್ತಿ. ಕಾಲ್ ಮಾಡಿ ಸೇರ್ಲಿಕ್ಕೆ ನಮ್ಮ ದೇಶದ ನಂಬರ್ ಬರ್ತದಾ ನೋಡಿ, ಎಲ್ಲ ಪ್ಲಾನಲ್ಲಿ ಇರುದಿಲ್ಲ, ಇಲ್ಲದಿದ್ರೆ ಮಾಷ್ಟ್ರು ಐಎಸ್‌ಡಿ ಮಾಡ್ಬೇಕಾದೀತು! ಪಾಸ್‌ಕೋಡಲ್ಲಿ ಅಕ್ಷರ ಇದ್ರೆ ಫೋನಲ್ಲಿ ಒತ್ಲಿಕ್ಕೆ ಆಗುದಿಲ್ಲ, ಅಂಕಿ ಮಾತ್ರ ಇರುದು ಬೇಕು.

ಇನ್ನು ರೂಮ್ ಸಿಸ್ಟಮ್, ತಲೆನೋವು ಇಲ್ಲೇ ಇರುದು. ಕಾಲೇಜಿನ ಹಾಲಲ್ಲಿ ಕ್ಯಾಮರಾ, ಮೈಕ್, ದೊಡ್ಡ ಟಿವಿ ಇರುವ ಹಳೆ ಸೆಟ್ ಇರ್ತದಲ್ವಾ, ಅದು ಲಿಂಕ್ ಒತ್ತುವ ಜಾತಿಯದ್ದಲ್ಲ, ಎಚ್.323 ಅಥವಾ ಎಸ್‌ಐಪಿ ಅಂತ ಬೇರೆ ಭಾಷೆ ಅದ್ರದ್ದು. ಎಚ್.323 ಬಂದದ್ದು 1996ರಲ್ಲಿ, ನಮ್ಮ ಗ್ರೂಪಿನ ಎಷ್ಟೋ ಹುಡುಗ್ರಿಗಿಂತ ದೊಡ್ಡದು. ಇಂತದ್ದನ್ನು ಝೂಮಿಗೆ ಸೇರ್ಸ್ಲಿಕ್ಕೆ ರೂಮ್ ಕನೆಕ್ಟರ್ ಅಂತ ಬೇರೆ ದುಡ್ಡು ಕೊಟ್ಟು ತಗೊಳ್ಬೇಕು.

ಶೆಡ್ಯೂಲ್ ಮಾಡುವ ಸಾಫ್ಟ್‌ವೇರ್ ಡಯಲ್ ಇನ್ನಾ ಡಯಲ್ ಔಟಾ ಅಂತ ಕೇಳಿದ್ರೆ, ಡಯಲ್ ಇನ್ ಅಂದ್ರೆ ಹಾಲಿನವ್ರೇ ರಿಮೋಟಲ್ಲಿ ನಂಬರ್ ಒತ್ತಿ ಬರುದು, ಡಯಲ್ ಔಟ್ ಅಂದ್ರೆ ಟೈಮಾದಾಗ ಸರ್ವರೇ ಹಾಲಿಗೆ ಕರೆ ಮಾಡುದು. ರಿಮೋಟ್ ಹಿಡಿಲಿಕ್ಕೆ ಹಾಲಲ್ಲಿ ಯಾರೂ ಇಲ್ಲದಿದ್ರೆ ಡಯಲ್ ಔಟ್ ಒಳ್ಳೇದು ಅಂತ ನಾನೂ ಒಮ್ಮೆ ಹಾಗೇ ಇಟ್ಟೆ. ಹಾಲಿನವ್ರು ಕೊಟ್ಟ ಅಡ್ರೆಸ್, ಅಂದ್ರೆ ನೆಟ್‌ವರ್ಕಲ್ಲಿ ಆ ಸೆಟ್ಟಿನ ನಂಬರ್, 192.168 ಅಂತ ಶುರು ಆಗ್ತಿತ್ತು, ನಾನು ಕಣ್ಮುಚ್ಚಿ ಅದನ್ನೇ ಹಾಕಿದೆ. ಅದು ಹಾಲಿನ ಒಳಗಿನ ನೆಟ್‌ವರ್ಕಿನ ಅಡ್ರೆಸ್, ಹೊರಗಿಂದ ಕರೆ ಹೋಗುದೇ ಇಲ್ಲ. ಅಲ್ಲಿ ನಲ್ವತ್ತು ಜನ ಖಾಲಿ ಟಿವಿ ನೋಡ್ತಾ ಚಾ ಕುಡ್ದದ್ದೇ ಬಂತು. ಹೊರಗಿನ ಅಡ್ರೆಸ್ ಇಲ್ಲ ಅಂದ್ರೆ ಡಯಲ್ ಇನ್ನೇ ಒತ್ತಿ, ಒಬ್ರನ್ನು ರಿಮೋಟಿಗೆ ಕೂರ್ಸಿ.

ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ (ಸೇರಿದವ್ರಿಗೆ ಬಿಟ್ಟು ಮಧ್ಯದ ಸರ್ವರಿಗೂ ಮಾತು ಗೊತ್ತಾಗದ ಹಾಗೆ ಹಾಕುವ ಬೀಗ) ಆನ್ ಇದ್ರೆ ಝೂಮಲ್ಲಿ ಫೋನಿನವ್ರೂ ಇಂತ ರೂಮ್ ಸಿಸ್ಟಮೂ ಒಳಗೆ ಬರ್ಲಿಕ್ಕೆ ಆಗುದಿಲ್ಲ. ಸೇಫ್ಟಿಗೆ ಒಳ್ಳೇದಲ್ವಾ ಅಂತ ಆನ್ ಮಾಡಿಟ್ರೆ ಮಾಷ್ಟ್ರು ಹೊರಗೇ.

ಹಾಲ್ ಸೆಟ್ ಸರಿ ಬರ್ಲೇ ಇಲ್ವಾ? ಒಂದು ಲ್ಯಾಪ್‌ಟಾಪ್ ಟಿವಿಗೆ ಕೊಡಿ, ಮುಗೀತು. ನನ್ನ ಕೇಳಿದ್ರೆ ಸಣ್ಣ ಸಂಘಕ್ಕೆ ಅದೇ ಸುಖ. ಹಾಲಲ್ಲಿ ಕೂತವ್ರು ಮೊಬೈಲಲ್ಲೂ ಸೇರಿದ್ರೆ ಮಾತ್ರ ಕೂಂಯ್ಯ್ ಅಂತ ಕಿವಿ ಹರ್ದು ಹೋಗ್ತದೆ, ಸೇರುದೇ ಆದ್ರೆ ಮೈಕೂ ಸ್ಪೀಕರೂ ಎರಡೂ ಆಫ್ ಇರ್ಲಿ.

ಕೊನೆಗೆ ಆಮಂತ್ರಣವನ್ನು ಮೂರು ತರ ಕಳಿಸಿ. ಗ್ರೂಪಿಗೆ ಲಿಂಕ್, ಹಾಲಿಗೆ ಡಯಲ್ ಮಾಡುವ ಅಡ್ರೆಸ್, ಫೋನಿನವ್ರಿಗೆ ನಂಬರ್, ಮೀಟಿಂಗ್ ಐಡಿ, ಪಾಸ್‌ಕೋಡ್. ಮಾತಾಡುವಾಗ ಮ್ಯೂಟ್ ತೆಗಿಲಿಕ್ಕೆ ಸ್ಟಾರ್ 6 ಅಂತಲೂ ಬರೀರಿ. ಮಾಷ್ಟ್ರಿಗೆ ನಾನು ಇದನ್ನು ಚೀಟಿಯಲ್ಲೇ ಬರ್ದು ಕೊಡುದು, ಅವ್ರು ಅದನ್ನು ಕ್ಯಾಲೆಂಡರಿಗೆ ಪಿನ್ ಮಾಡಿ ಇಡ್ತಾರೆ.