ಬಾವ್ಯಾಗ ಇಳಿದಾಗಷ್ಟ ಆರತಿದ್ದ ಡೈವ್ ಲೈಟು: ನನ್ನ ಅನುಭವ

ನಮ್ದು ಗಂಗಾವತಿ ಕಡೆ. ಬಾವ್ಯಾಗ ಬಿದ್ದ ಮೋಟ್ರು, ಪೈಪಿನ ಬುಡದಿಂದ ಕಳಚಿದ ಫುಟ್‌ವಾಲ್ವು ಮ್ಯಾಲ ಎತ್ತಿಕೊಡೋ ಕೆಲ್ಸ ಮಾಡ್ತೀನಿ. ಗಾಳಿ ಸಿಲಿಂಡರ್ ಕಟ್ಕೊಂಡು ಮುಳುಗೋ ಸ್ಕೂಬಾ ಕಲ್ತಿದ್ದು ಮುರುಡೇಶ್ವರದಾಗ, ನೇತ್ರಾಣಿ ನಡುಗಡ್ಡಿ ಹತ್ರ, ಅಲ್ಲಿ ನೀರಿನ್ಯಾಗ ಬಿಸ್ಲು ಬಾಳ ಕೆಳಗನಕ ಇಳಿತೈತಿ. ನಮ್ಮ ಬಾವ್ಯಾಗ ಹಂಗಲ್ಲ, ಎರಡಾಳು ಕೆಳಗ ಹೋದ್ರ ಮಬ್ಬು, ಕಾಲು ತಾಗಿ ಕೆಸರು ಎದ್ರಂತೂ ನಿಮ್ ಕೈನೇ ನಿಮಗ ಕಾಣಂಗಿಲ್ಲ, ಹಿಂಗಾಗಿ ಲೈಟು ಸರಿ ಇಲ್ದ ನಾ ಇಳಿಯಂಗಿಲ್ಲ.

ಹೋದ ಬ್ಯಾಸಗಿ ಒಂದು ತೋಟದ ಬಾವ್ಯಾಗ ಸುಮಾರು 8 ಮೀಟರ್ ಕೆಳಗಿದ್ದೆ, ಮೋಟ್ರಿಗೆ ಹಗ್ಗ ಬಿಗಿಯೋ ಹೊತ್ನ್ಯಾಗ ಲೈಟು ಪಕಪಕ ಅಂದು ಆರೇಬಿಡ್ತು. ಸೊಂಟದಾಗ ಇನ್ನೊಂದು ಸಣ್ಣ ಲೈಟು ಇತ್ತು, ಅದನ್ನ ಹಚ್ಕೊಂಡು ಮ್ಯಾಲ ಬಂದೆ. ಬಂದು ನೋಡ್ತೀನಿ, ಅದ ಲೈಟು ಛಲೋ ಉರಿಯಾಕ ಹತ್ತೈತಿ! ಹಗ್ಗ ಹಿಡಿದಿದ್ದ ಅಣ್ಣ "ನೀರು ಹೊಕ್ಕಿರಬೇಕೋ ತಮ್ಮಾ" ಅಂದ. ನನಗೂ ಹಂಗ ಅನ್ನಿಸ್ತು.

ಮನಿಗೆ ಬಂದು ಬಿಚ್ಚಿದೆ, ಒಳಗ ತ್ಯಾವ ಇಲ್ಲ. ನೀರು ಒಳಗ ಬರದಂಗ ತಡಿಯೋ ರಬ್ಬರ್ ಓ-ರಿಂಗ್ ಮ್ಯಾಲ ಒಂದು ಉಸುಕಿನ ಕಾಳು ಇತ್ತು, ಒರೆಸಿ ಸಿಲಿಕಾನ್ ಗ್ರೀಸ್ ತೆಳ್ಳಗ ಸವರಿದೆ. ಬಕೀಟಿನ್ಯಾಗ ಮುಳುಗಿಸಿ ನೋಡೋದು ಸಾಲಂಗಿಲ್ಲ, 10 ಮೀಟರ್ ಇಳಿದ್ರ ಮ್ಯಾಲಿನ ಗಾಳಿ ಎಷ್ಟು ಒತ್ತತೈತೋ ಅಷ್ಟು ಒತ್ತಡ ಇನ್ನೊಂದು ಸಲ ಸೇರತೈತಿ. ಅದಕ್ಕ ಬ್ಯಾಟ್ರಿ ತಗದು ಆ ಜಾಗದಾಗ ಟಿಶ್ಯೂ ತುರುಕಿ, ಕಲ್ಲು ಕಟ್ಟಿ, ಅದ ಬಾವಿಗೆ 8 ಮೀಟರ್ ಹಗ್ಗ ಬಿಟ್ಟು ಅರ್ಧ ತಾಸು ಇಟ್ಟೆ. ಟಿಶ್ಯೂ ಒಣಗೇ ಬಂತು, ಅಲ್ಲಿಗೆ ನೀರಿನ ಮಾತು ಮುಗೀತು.

ಆಮ್ಯಾಲ ಬ್ಯಾಟ್ರಿ. ಚಾರ್ಜ್ ಆದ ಮ್ಯಾಲ 4.16 ವೋಲ್ಟ್, ಅಡ್ಡಿಯಿಲ್ಲ. ಹಿಂದಿನ ಮುಚ್ಚಳ ಬಿಚ್ಚಿ ಮಲ್ಟಿಮೀಟರಿನ ಒಂದು ವೈರು ಸೆಲ್ಲಿಗೆ, ಇನ್ನೊಂದು ಲೈಟಿನ ಕೊಳವಿಗೆ ಒತ್ತಿಹಿಡಿದು 10 ಆಂಪ್ಸ್ ರೇಂಜಿನ್ಯಾಗ ನೋಡಿದೆ, ಕರೆಂಟು ಒಂದೇ ಸಮ ಹರೀತು, ಒಂಚೂರೂ ಹೆಚ್ಚುಕಮ್ಮಿ ಆಗ್ಲಿಲ್ಲ. ಎಲ್ಇಡಿ, ಅದಕ್ಕ ಕರೆಂಟು ಹದ ಮಾಡಿ ಕೊಡೋ ಡ್ರೈವರ್ ಸರ್ಕ್ಯೂಟ್ ಎರಡೂ ಸರಿ ಅದಾವ ಅಂತಾತು. ಬಿಸಿ ಆಗಬಾರದು ಅಂತ ಬಕೀಟಿನ ನೀರಾಗ ಗಾಜು ಮ್ಯಾಲ ಮಾಡಿ ನಿಲ್ಲಿಸಿ ಒಂದು ತಾಸು ಉರಿಸಿದೆ, ಆಗ್ಲೂ ಆರ್ಲಿಲ್ಲ. ಎರಡು ದಿನ ಇದ ತಲ್ಯಾಗ ಕೊರೀತಿತ್ತು.

ಮೂರನೇ ದಿನ ಮಂಚದ ಕೆಳಗ ಸ್ಕ್ರೂ ಬಿತ್ತು, ಹುಡುಕಾಕ ಅದ ಲೈಟು ತಗೊಂಡು ಕೆಳಗ ಹಿಡಿದೆ, ಆರ್ತು! ತಿರುಗಿಸಿ ಮ್ಯಾಲ ಹಿಡಿದೆ, ಹತ್ತಿತು. ಬಾವ್ಯಾಗ ನಾ ಯಾವಾಗ್ಲೂ ತಳದ ಕಡೇನ ಗಾಜು ಮಾಡಿ ಹಿಡೀತೀನಿ, ಮನ್ಯಾಗ ಟೆಸ್ಟ್ ಮಾಡಿದ್ದು ಪೂರಾ ಉಲ್ಟಾ.

ಈ ಲೈಟಿನ್ಯಾಗ ಸ್ಪ್ರಿಂಗು ತಲಿ ಕಡೆ, ಅಂದ್ರ ಗಾಜಿನ ಕಡೆ ಐತಿ, ಹಿಂದ ಬರೀ ಚಪ್ಪಟ ತಗಡು. ಹಳೇ ಸೆಲ್ಲು ಪ್ರೊಟೆಕ್ಷನ್ ಸರ್ಕ್ಯೂಟ್ (ಶಾರ್ಟ್ ಆದ್ರ ಕರೆಂಟು ತಾನೇ ಬಂದ್ ಮಾಡೋದು) ಇದ್ದಿದ್ದು, ಹತ್ರಹತ್ರ 69 ಮಿಲಿಮೀಟರ್ ಉದ್ದ. ಅದು ಹಾಳಾದ ಮ್ಯಾಲ ನಾ ಹಾಕಿದ್ದು ಆ ಸರ್ಕ್ಯೂಟ್ ಇಲ್ಲದ ಸಾದಾ 18650 ಅಳತಿಯ ಲಿಥಿಯಂ ಸೆಲ್ಲು, 65 ಮಿಲಿಮೀಟರ್. ಆ 4 ಮಿಲಿಮೀಟರ್ ಕೊರತಿ ಸ್ಪ್ರಿಂಗು ತುಂಬ್ತಿತ್ತು, ಆದ್ರ ಬರಬರ್ತಾ ಸ್ಪ್ರಿಂಗು ಕುಗ್ಗಿ ಹೋಗಿತ್ತು. ಗಾಜು ಕೆಳಗ ಮಾಡಿದ್ರ ಸೆಲ್ಲಿನ ಭಾರಕ್ಕ ಸ್ಪ್ರಿಂಗು ಅಮುಕಿ, ಹಿಂದಿನ ತಗಡಿನಿಂದ ಸೆಲ್ಲು ಬಿಡ್ತಿತ್ತು. ಮೀಟರಿನ ಮೊನಿಯಿಂದ ನಾನೇ ಒತ್ತಿ ಹಿಡಿದಾಗ ಎಲ್ಲಿ ಬಿಟ್ಟೀತು?

ಕೆಲವ್ರು ನಡುವ ಮ್ಯಾಗ್ನೆಟ್ ಬಿಲ್ಲಿ ಇಟ್ಟು ಉದ್ದ ಮಾಡ್ತಾರ. ದಯವಿಟ್ಟು ಹಂಗ ಮಾಡಬ್ಯಾಡ್ರಿ, ಅದು ಜರುಗಿ ಶಾರ್ಟ್ ಆತಂದ್ರ ಲಿಥಿಯಂ ಸೆಲ್ಲು ಬಿಗಿಯಾಗಿ ಮುಚ್ಚಿದ ಕೊಳವ್ಯಾಗ ಕೈಯಾಗ ಇರತೈತಿ, ಸುತ್ತ ನೀರು, ಎಲ್ಲಿಗೆ ಒಗೀತೀರಿ? ನಾ ಗಟ್ಟಿ ಹೊಸ ಸ್ಪ್ರಿಂಗು ಬೆಸುಗಿ ಹಾಕಿ, ಅದರ ಬುಡದಿಂದ ತುದಿಗೆ ಸಣ್ಣ ತಾಮ್ರದ ವೈರು ಸಡ್ಲ ಮಾಡಿ ಕೂಡಿಸ್ದೆ, ಕರೆಂಟು ವೈರಿನ್ಯಾಗ ಹೋದ್ರ ಸ್ಪ್ರಿಂಗು ಕಾದು ಮೆತ್ತಗಾಗಂಗಿಲ್ಲ. ಸೆಲ್ಲೂ ಪ್ರೊಟೆಕ್ಷನ್ ಇರೋದ ತಂದೆ. ಮುಚ್ಚಳದ ಅಂಚಿಗೆ ಗ್ರೀಸ್ ಮೆತ್ತಿತ್ತು, ಅಲ್ಲೇ ಕರೆಂಟು ದಾಟಬೇಕು, ಸ್ಪಿರಿಟ್‌ನಿಂದ ಒರೆಸಿದೆ.

ಈಗ ಇಳಿಯೋಕ ಮುಂಚೆ ಗಾಜು ಕೆಳಗ ಮಾಡಿ ಅಂಗೈಗೆ ನಾಕು ಸಲ ಬಡಿತೀನಿ. ಒಂದ್ಸಲ ಮಿಣುಕಿದ್ರೂ ಅವತ್ತು ಆ ಲೈಟು ದಂಡಿ ಮ್ಯಾಲ ಉಳೀತೈತಿ.